ನಮ್ಮೂರಿನಲ್ಲಿ ಎಲ್ಲರ ಬಿ.ಪಿ.ಯೂ ನೂರಿಪ್ಪತ್ತು–ಎಂಬತ್ತು

ಜಿಲ್ಲೆಯ ತಾಯಂದಿರ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚಾಗಿದೆ. ಈ ಪತ್ರ ಬರೆಯಲು ಅದೇ ಕಾರಣ. ನ್ಯಾಯ, ಸಮಾನತೆ, ಸಾಮಾಜಿಕ ಕಳಕಳಿ ಎಂದೆಲ್ಲ ಶುರುಮಾಡಬಹುದಿತ್ತು. ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಸಭೆಗಳಲ್ಲಿ ಕೂತೆದ್ದವಳಿಗೆ ಆ ಮಾತುಗಳೂ ಬರುತ್ತವೆ. ಆದರೆ ಖರೇ ಮಾತು ಬೇರೆ. ಬೆಳಗಾವಿಯ ಹಿಂದವಾಡಿಯಲ್ಲಿ, ನನ್ನ ಬೀಗತಿ ಮಾಯಕ್ಕನ ಮನೆಯಲ್ಲಿ, ಫ್ರಿಜ್ಜಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಒಂದು ಬಿ.ಪಿ. ಯಂತ್ರ ಕೂತಿದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಮಾಯಕ್ಕ ಅದನ್ನು ಇಳಿಸಿ ನನ್ನ ಮಗಳು ನೀಲಾಳ ತೋಳಿಗೆ ಪಟ್ಟಿ ಸುತ್ತುತ್ತಾರೆ. ನೀಲಾ ಈಗ ಆರು ತಿಂಗಳ ಬಸುರಿ. ಹೆತ್ತವಳು ನಾನು, ತೋಳು ನನ್ನ ಮಗಳದ್ದು, ಪಟ್ಟಿ ಕಟ್ಟುವ ಭಾಗ್ಯ ಮಾತ್ರ ಅವರದ್ದು. ದೀಪಾವಳಿ ಮುಗಿದ ಮೇಲೆ ಸೀಮಂತದ ಕುಬಸ ಮಾಡಿ ಮಗಳನ್ನು ತವರಿಗೆ ಕರೆತರಬೇಕಾದವಳು ನಾನು. ಆಕೆ ಬರುವುದಿಲ್ಲ ಎಂದಿದ್ದಾಳೆ. ಯಾಕೆ ಬರುವುದಿಲ್ಲ ಎಂದು ನನ್ನನ್ನು ಕೇಳಬೇಡಿ, ನಿಮ್ಮ ಇಲಾಖೆಯನ್ನು ಕೇಳಿರಿ.

ನಮ್ಮದು ಖಾನಾಪುರದಿಂದ ಕಾಡಿನ ಕಡೆ ಹೊರಳುವ ರಸ್ತೆಯ ಮೇಲಿನ ಊರು. ಹೆಸರು ಬರೆಯುವುದಿಲ್ಲ. ಬರೆದರೆ ನೀವು ಮೊದಲು ಮಾಡುವ ಕೆಲಸ ನಮ್ಮ ಉಪಕೇಂದ್ರದ ನರ್ಸಬಾಯಿಯನ್ನು ಎತ್ತಂಗಡಿ ಮಾಡುವುದು. ಕೆಟ್ಟ ಯಂತ್ರ ಅಲ್ಲೇ ಇರುತ್ತದೆ. ಆ ಉಪಕೇಂದ್ರದ ಉದ್ಘಾಟನೆಯ ದಿನ ಕತ್ತರಿ ಇಟ್ಟ ತಟ್ಟೆ ಹಿಡಿದು ನಿಂತವಳೇ ನಾನು. ಗೋಡೆಗೆ ಗುಲಾಬಿ ಬಣ್ಣ, ಗೋಡೆಯ ಮೇಲೆ ನಗುವ ಗರ್ಭಿಣಿಯ ಚಿತ್ರ, ಮೇಜಿನ ಮೇಲೆ ಹೊಸ ಬಿ.ಪಿ. ಯಂತ್ರ. ಎಂಥ ಚಪ್ಪಾಳೆ ಬಿತ್ತು ಅಂತೀರಿ! ಯಂತ್ರದ ರಬ್ಬರಿನ ಬುಗ್ಗೆ ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟಿತು. ಒತ್ತಿದರೆ ಗಾಳಿ ಬಸುರಿಯ ತೋಳಿನ ಪಟ್ಟಿಗೆ ಹೋಗುವ ಬದಲು ನರ್ಸಬಾಯಿಯ ಮುಖಕ್ಕೆ ಬರುತ್ತದೆ. ಆಕೆ ಮೇಲಿನವರಿಗೆ ಹೇಳಿದಳು, ಅವರು ತಮ್ಮ ಮೇಲಿನವರಿಗೆ ಹೇಳಿದರು, ಅವರ ಮೇಲೆ ನೀವಿದ್ದೀರಿ. ನಿಮ್ಮ ಮೇಲೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಯಂತ್ರ ಕೆಟ್ಟರೂ ತಾಯಿ ಕಾರ್ಡಿನಲ್ಲಿ ಬಿ.ಪಿ.ಯ ಜಾಗ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಮೀಟಿಂಗಿನಲ್ಲಿ ಬೈಗುಳ. ಹೀಗಾಗಿ ನಮ್ಮೂರಿನಲ್ಲಿ ಎಲ್ಲರ ಬಿ.ಪಿ.ಯೂ ನೂರಿಪ್ಪತ್ತು–ಎಂಬತ್ತು. ಹೊಸದಾಗಿ ಬಸುರಾದವಳಿಗೂ ಅಷ್ಟೇ, ದಿನ ತುಂಬಿದವಳಿಗೂ ಅಷ್ಟೇ, ಎಂಬತ್ತು ವರ್ಷ ದಾಟಿದ ನನ್ನ ಅತ್ತೆ ಕಾಡವ್ವನಿಗೂ ಅಷ್ಟೇ. ಕುಡಿಯುವ ನೀರಿನ ಪೈಪಿಗಾಗಿ ಪಂಚಾಯಿತಿಯಲ್ಲಿ ಕೂಗಾಡಿ, ಮೈಯೆಲ್ಲ ನಡುಗುತ್ತ ನೇರವಾಗಿ ಉಪಕೇಂದ್ರಕ್ಕೆ ಹೋದ ದಿನ ನನಗೂ ನರ್ಸಬಾಯಿ ಅಷ್ಟೇ ಬರೆದಳು. “ಬಾಯಾರ, ಪಟ್ಟಿನ ಕಟ್ಟಲಿಲ್ಲಲ್ಲ?” ಎಂದೆ. “ನೋಡಿದ್ರ ಗೊತ್ತಾಕ್ಕೈತಿ ಬಿಡ್ರಿ, ಗಟ್ಟಿಮುಟ್ಟ ಅದೀರಿ” ಎಂದಳು. ನಗುತ್ತ ಎದ್ದು ಬಂದೆ. ಇಷ್ಟು ಶಾಂತ ರಕ್ತದ ಜನ ಇನ್ನೆಲ್ಲೂ ಇಲ್ಲವೆಂದು ನಿಮಗೆ ಯಾರಾದರೂ ಶಾಲು ಹೊದಿಸಿದ್ದರೂ ಆಶ್ಚರ್ಯವಿಲ್ಲ.

ಈಗ ನೀಲಾಳ ಚೊಚ್ಚಲ ಬಸುರಿನ ಕಥೆ ಕೇಳಿರಿ. ಹೋದ ವರ್ಷಕ್ಕೂ ಹಿಂದಿನ ವರ್ಷದ ಮಾತು. ಅಳಿಯ ಶಿವಲಿಂಗ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ, ಮನೆ ಹಿಂದವಾಡಿ. ಅಲ್ಲಿನ ಡಾಕ್ಟರು ನೀಲಾಳನ್ನು ತಿಂಗಳಿಗೊಮ್ಮೆ ನೋಡುತ್ತಿದ್ದರು. ಏಳನೇ ತಿಂಗಳ ಹೊತ್ತಿಗೆ ಬಿ.ಪಿ. ತುಸು ಮೇಲಕ್ಕೆ ಹೊರಟಿತ್ತು. ವಾರಕ್ಕೊಮ್ಮೆ ತಪ್ಪದೆ ನೋಡಿಸಿರಿ ಎಂದು ಹೇಳಿ ಕಳಿಸಿದರು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಉಡಿ ತುಂಬಿ ಕುಬಸ ಮಾಡಿ ಕರೆತಂದೆವು. ನಮ್ಮ ಹೆಣ್ಣುಮಕ್ಕಳು ರಕ್ತದೊತ್ತಡ ಏರುವ ಸರಿಯಾದ ತಿಂಗಳಲ್ಲೇ, ತಮ್ಮನ್ನು ನೋಡುತ್ತಿದ್ದ ಡಾಕ್ಟರನ್ನು ಬಿಟ್ಟು, ಗಂಟು ಕಟ್ಟಿಕೊಂಡು ತವರಿಗೆ ಬರುತ್ತಾರೆ. ಇದು ನಮ್ಮ ಮುತ್ತಜ್ಜಿಯರ ಕಾಲದಿಂದ ನಡೆದುಬಂದ ಪದ್ಧತಿ. ಸುದ್ದಿ ನಿಮ್ಮ ಇಲಾಖೆಗೆ ಮಾತ್ರ ಇನ್ನೂ ತಲುಪಿಲ್ಲ. ಡಾಕ್ಟರು ಹೇಳಿದಂತೆ ನಾನು ವಾರವಾರ ಉಪಕೇಂದ್ರಕ್ಕೆ ಕರೆದೊಯ್ದೆ, ಒಂದು ವಾರವೂ ತಪ್ಪಿಸಲಿಲ್ಲ. ವಾರವಾರ ನೂರಿಪ್ಪತ್ತು–ಎಂಬತ್ತು. ಅತ್ತೆಯ ಮನೆಯಲ್ಲಿ ಏರುತ್ತಿದ್ದದ್ದು ತವರಿಗೆ ಬಂದ ಕೂಡಲೇ ಇಳಿಯಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಅಂದಹಾಗೆ, ನನಗೆ ನಮ್ಮ ಎಮ್ಮೆಯ ಮೇಲೂ ಹೊಟ್ಟೆಕಿಚ್ಚಿದೆ. ಅದರ ಕಿವಿಗೆ ಸರಕಾರದವರು ಹಳದಿ ಬಿಲ್ಲೆ ಹಾಕಿದ್ದಾರೆ. ಅದನ್ನು ನಾಳೆ ಯಾವ ಸಂತೆಯಲ್ಲಿ ಮಾರಿದರೂ ಬಿಲ್ಲೆಯ ಸಂಖ್ಯೆ ನೋಡಿದರೆ ಸಾಕು, ಎಷ್ಟನೇ ಸೂಲು, ಯಾವ ಸೂಜಿ ಆಗಿದೆ ಎಲ್ಲ ತಿಳಿಯುತ್ತದೆ ಎಂದು ದನದ ಡಾಕ್ಟರು ನಮ್ಮ ಕೊಟ್ಟಿಗೆಯಲ್ಲಿ ನಿಂತೇ ಹೇಳಿದರು. ನನ್ನ ಮಗಳು ಬೆಳಗಾವಿ ಬಿಟ್ಟು ಖಾನಾಪುರ ತಾಲೂಕಿಗೆ ಬಂದಳು, ದೇಶ ಬಿಟ್ಟಿರಲಿಲ್ಲ. ಆಕೆಯ ಜೊತೆ ಬಂದದ್ದು ಉಡಿಯಲ್ಲಿದ್ದ ಅಕ್ಕಿ ಮತ್ತು ಕೊಬ್ಬರಿ ಬಟ್ಟಲು. ಹಿಂದವಾಡಿಯ ಡಾಕ್ಟರಿಗೆ ಗೊತ್ತಿದ್ದದ್ದನ್ನು ನಾನು ಬಾಯಿಮಾತಿನಲ್ಲಿ ಹೇಳಿದೆ, ಇಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ್ಣುಮಕ್ಕಳ ಕಿವಿ ಹೇಗೂ ನಾವೇ ಚುಚ್ಚಿಸಿರುತ್ತೇವೆ, ಒಂದು ಹಳದಿ ಬಿಲ್ಲೆ ಕೊಡಲು ನಿಮಗೇನು ಅಡ್ಡಿಯಿತ್ತು?

ಒಂಬತ್ತಕ್ಕೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಮತ್ತೊಮ್ಮೆ ಬಳೆ ಇಡಿಸಿದೆವು. ಮಾಯಕ್ಕನನ್ನೂ ಕರೆದಿದ್ದೆ. ಬಳೆಗಾರ ಬಸಲಿಂಗಪ್ಪ ಕುಬಸದ ದಿನ ಇಟ್ಟ ಅಳತೆಯ ಬಳೆಗಳನ್ನೇ ತಂದಿದ್ದ. ನೀಲಾಳ ಕೈಗೆ ಅವು ಏರಲೇ ಇಲ್ಲ. ಸೋಪು ಹಚ್ಚಿ ನೋಡಿದ, ಎರಡು ಒಡೆದವು. “ಯವ್ವಾ, ಇದು ಆವಾಗಿನ ಕೈನ ಅಲ್ಲ” ಎಂದು ದೊಡ್ಡ ಅಳತೆಯವನ್ನು ತೆಗೆದ. ಅವೂ ಬಿಗಿಯಾಗಿಯೇ ಏರಿದವು. ಕೂತ ಹೆಂಗಸರೆಲ್ಲ ನಕ್ಕರು. “ತವರಮನಿ ಊಟ ಮೈಗೆ ಹತ್ತೈತಿ ನನ್ನ ಕೂಸಿಗೆ” ಎಂದು ಕಾಡವ್ವ ಲಟಿಕೆ ಮುರಿದಳು. ನಾನು ಮಾಯಕ್ಕನ ಕಡೆ ತಿರುಗಿ, “ನೋಡ್ರಿ ಬೀಗತಿಯಾರ, ನಿಮ್ಮ ಮನಿಯಾಗ ಕಡ್ಡಿ ಆಗಿದ್ವು ಕೈ. ಈಗ ಮುಟ್ಟಿ ನೋಡ್ರಿ!” ಎಂದೆ. ಮಾಯಕ್ಕ ನೀಲಾಳ ಕೈ ಹಿಡಿದು, “ಭಾಳ ತುಂಬ್ಯಾವ್ರಿ” ಎಂದು ಮುಖ ಸಣ್ಣದು ಮಾಡಿದರು. ಅಂದು ಹೊಟ್ಟೆಕಿಚ್ಚು ಅವರದ್ದಾಗಿತ್ತು, ಅದನ್ನು ನೋಡಿ ನನಗೆ ಹಬ್ಬವಾಗಿತ್ತು.

“ಅಲ್ಲಮ್ಮಾ, ಕೈ ಹಾಗೆ ಬಾತುಕೊಂಡರೆ ಅದು ರಕ್ತದೊತ್ತಡದ ಲಕ್ಷಣವಿರಬಹುದು ಎಂದು ತಿಳಿಯಬಾರದೇ?” ಎಂದು ನೀವು ಕೇಳಬಹುದು. ತಿಳಿಯಲಿಲ್ಲ ಸ್ವಾಮಿ. ಅದಕ್ಕೆ ನಾನು ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುತ್ತೇನೆ ಎಂದುಕೊಂಡಿದ್ದರೆ ಆ ಆಸೆ ಬಿಡಿ. ಮಗಳಿಗೆ ಜೋಳದ ರೊಟ್ಟಿ, ಹೆಸರುಕಾಳು, ತುಪ್ಪ ಮಾಡಿ ಉಣಿಸುವುದು ನನ್ನ ಕೆಲಸ, ಉಣಿಸಿದೆ. ಅಳೆದು ಹೇಳುವುದು ನಿಮ್ಮ ಕೆಲಸ. ಇಡೀ ಊರಿನಲ್ಲಿ ಅಂದು ಅಳತೆ ಮಾಡಿ ಖರೇ ಹೇಳಿದವನು ಬಳೆಗಾರನೊಬ್ಬನೇ, ಅವನಿಗೆ ಸರಕಾರದ ಪಗಾರವಿಲ್ಲ.

ಬಳೆ ಇಡಿಸಿದ ಕೆಲವೇ ದಿನಕ್ಕೆ ತಲೆನೋವು ಶುರುವಾಯಿತು. “ಅವ್ವಾ, ಕಣ್ಣ ಮುಂದ ಮಿಂಚಿದಂಗ ಆಗತೈತಿ” ಎಂದಳು. “ಅಷ್ಟ ಮಂದಿ ಕಣ್ಣ ಬಿದ್ದಾವ, ಆಗದ ಇರತೈತೇನ?” ಎಂದು ಕಾಡವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ನಾನು ಅಷ್ಟಕ್ಕೇ ಬಿಡದೆ ಉಪಕೇಂದ್ರಕ್ಕೂ ಕರೆದೊಯ್ದೆ. ತಲೆನೋವಿನ ಗುಳಿಗೆ, ನೂರಿಪ್ಪತ್ತು–ಎಂಬತ್ತು. ಮರುದಿನ ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಬಾಚಣಿಗೆ ನನ್ನ ಕೈಯಲ್ಲಿರುವಾಗಲೇ ಹುಡುಗಿ ಸೆಟೆದುಕೊಂಡಳು. ಕಣ್ಣು ಮೇಲೆ ಹೋದವು, ಬಾಯಲ್ಲಿ ನೊರೆ, ಕೈಕಾಲು ಜಗ್ಗುತ್ತಿದ್ದವು. ಹಸಿರು ಬಳೆಗಳು ಕಲ್ಲಿಗೆ ಬಡಿದು ಚೂರಾದವು. ಅತ್ತೆ ಆಕೆಯ ಕೈಗೆ ಹಿಡಿಸಲು ಕಬ್ಬಿಣದ ಕೀಲಿಕೈ ಹುಡುಕುತ್ತ ಒಳಗೆ ಓಡಿದಳು, ನನ್ನ ಗಂಡ ಕರೆಪ್ಪ ಬಾಜು ಮನೆಯ ಜೀಪು ತಂದರು.

ದಾರಿಯಲ್ಲಿ ಸಿಕ್ಕ ಒಂದು ಆರೋಗ್ಯ ಕೇಂದ್ರದಲ್ಲಿ ಜೀಪು ನಿಲ್ಲಿಸಿದೆವು. ಅದರ ಹೆಸರೂ ಬೇಡ. ಡಾಕ್ಟರು ರಜೆ. ಇದ್ದವರು ನೀಲಾಳನ್ನು ನೋಡಿ ಗಾಬರಿಯಾದರು. ಬೆಳಗಾವಿಗೆ ಒಯ್ಯಿರಿ ಎಂದು ನನ್ನ ಗಂಡನಿಗೆ ಕನ್ನಡದಲ್ಲಿ, ಜೀಪಿನವನಿಗೆ ಮರಾಠಿಯಲ್ಲಿ ಹೇಳಿದರು. ನಮ್ಮ ತಾಲೂಕಿನಲ್ಲಿ ಎರಡೂ ಭಾಷೆ ಒಂದೇ ಮಾತಿಗೆ ಒಪ್ಪಿದ್ದನ್ನು ಅವತ್ತು ಕಂಡೆ. “ಝಟಕಾ ನಿಲ್ಲಾಕ ಏನರ ಒಂದ ಸೂಜಿ ಹಾಕ್ರೀ” ಎಂದು ನಾನು ಬಾಯಿ ಬಡಿದುಕೊಂಡೆ. “ಔಷಧ ಕಪಾಟಿನಾಗ ಐತ್ರೀ ಅಕ್ಕಾರ, ಡಾಕ್ಟರ್ ಹೇಳದ ಹೆಂಗ ಕೊಡೂದು? ನಾಳೆ ನಮ್ಮ ಕುತ್ತಿಗಿಗೆ ಬರತೈತಿ” ಎಂದರು. ನೂರಾ ಎಂಟರ ಗಾಡಿ ಬಂತು. ಮಚ್ಛೆ ಹತ್ತಿರ ಬರುವಷ್ಟರಲ್ಲಿ ಎರಡನೇ ಸಲ ಝಟಕಾ ಬಂತು. ಅಳಿಯ ಶಿವಲಿಂಗ ಕಾರ್ಖಾನೆಯ ಗೇಟಿನ ಮುಂದೆ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಕಾಯುತ್ತಿದ್ದರು. ಗಾಡಿ ಹತ್ತಿದವರು ಬೆಳಗಾವಿಯವರೆಗೂ ಹೆಂಡತಿಯ ಕಾಲು ಹಿಡಿದುಕೊಂಡೇ ಕೂತಿದ್ದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ಕೂಡಲೇ ಡಾಕ್ಟರಮ್ಮ ಕೂಗಿ ಹೇಳಿದರು, ನೂರಾ ಎಂಬತ್ತರ ಮೇಲಿದೆ ಎಂದು. ಬಿ.ಪಿ. ಅಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮ್ಯಾಗ್ನೀಷಿಯಂ ಎಂಬ ಸೂಜಿ ಹಾಕಿದರು, ಝಟಕಾ ನಿಂತಿತು. ಬಿ.ಪಿ. ಇಳಿಸುವ ಔಷಧ ಕೊಟ್ಟರು, ಆಪರೇಶನ್ ಮಾಡಿದರು. ಹೆಣ್ಣು ಕೂಸು. ಹೊಟ್ಟೆಯಲ್ಲೇ ಉಸಿರು ನಿಂತಿತ್ತು. ನೀಲಾ ಉಳಿದಳು. ಎಚ್ಚರವಾದಾಗ ತನ್ನ ಬೋಳು ಕೈ ನೋಡಿ, “ಬಳಿ ಯಾಕ ತಗದ್ರಿ ಅವ್ವಾ?” ಎಂದು ಅತ್ತಳು. ಕೂಸಿನ ಸುದ್ದಿಯನ್ನು ಆಕೆಗೆ ಆಗಿನ್ನೂ ಯಾರೂ ಹೇಳಿರಲಿಲ್ಲ.

ಬಾಜು ಹಾಸಿಗೆಯಲ್ಲಿ ಟಿಳಕವಾಡಿಯ ಒಬ್ಬ ಹುಡುಗಿಯಿದ್ದಳು. ಆಕೆಗೂ ಇದೇ ಕಾಯಿಲೆ, ಇದೇ ಡಾಕ್ಟರಮ್ಮ. ಆದರೆ ಆಕೆಗೆ ಬಿ.ಪಿ. ಏರಿದ್ದು ಏಳನೇ ತಿಂಗಳಲ್ಲೇ ಸಿಕ್ಕಿತ್ತು. ಮೂತ್ರ ಪರೀಕ್ಷೆ ಮಾಡಿದ್ದರು, ಗುಳಿಗೆ ಕೊಟ್ಟಿದ್ದರು, ತಡಮಾಡದೆ ದಿನ ನೋಡಿ ಹೆರಿಗೆ ಮಾಡಿಸಿದ್ದರು. ಆಕೆಯ ಬಾಜುವಿನಲ್ಲಿ ಮುಷ್ಟಿ ಬಿಗಿಹಿಡಿದ ಗಂಡು ಕೂಸು ಮಲಗಿತ್ತು. ಅದು ಅತ್ತಾಗಲೆಲ್ಲ ನೀಲಾ ಗೋಡೆಯ ಕಡೆ ಹೊರಳುತ್ತಿದ್ದಳು. ಆ ಹುಡುಗಿಯ ತಾಯಿ ಒಳ್ಳೆಯವಳು, ಬುತ್ತಿ ಬಿಚ್ಚಿದಾಗ ನನ್ನನ್ನೂ ಉಣ್ಣಲು ಕರೆದಳು. ನಾನು ಹೋಗಲಿಲ್ಲ. ಆಕೆಯ ಕೂಸು, ಆಕೆಯ ನಗು, ಆಕೆಯ ಮನೆಯಿಂದ ಕಾಣುವಷ್ಟು ಹತ್ತಿರವಿದ್ದ ದವಾಖಾನೆ, ಯಾವುದನ್ನೂ ನಾನು ಸಹಿಸಲಿಲ್ಲ. ಈ ಕಾಯಿಲೆ ಯಾಕೆ ಬರುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿದೆ. “ಯಾರಿಗೆ ಬೇಕಾದ್ರೂ ಬರತೈತ್ರಿ, ನಿಮ್ಮ ತಪ್ಪಲ್ಲ. ಜಲ್ದಿ ಗೊತ್ತಾಗ್ಬೇಕು, ಅಷ್ಟ. ಝಟಕಾ ಬಂದ ಮ್ಯಾಲೂ ಮೊದಲ ಸೂಜಿ ಅಲ್ಲೇ ಹಾಕಿ ಕಳಸ್ಬೇಕಿತ್ತು” ಎಂದರು. ಸಾಂಬ್ರಾದಲ್ಲಿ ವಿಮಾನ ಹತ್ತುವವರ ಚೀಲವನ್ನು ಯಂತ್ರಕ್ಕೆ ಹಾಕಿ, ತೂಗಿ, ಚೀಟಿ ಕಟ್ಟಿ ಕಳಿಸುತ್ತಾರೆ. ಎರಡು ಜೀವದ ಹೆಂಗಸನ್ನು ನಿಮ್ಮವರು ನೋಡಿ ಅಂದಾಜಿನಲ್ಲಿ ಕಳಿಸುತ್ತಾರಲ್ಲ, ಆಕೆ ಒಂದು ಚೀಲಕ್ಕಿಂತಲೂ ಅಗ್ಗವೇ?

ಈ ದೂರು ಹಿಡಿದು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಿಗಲಿಲ್ಲ, ಮೇಜಿನ ಹಿಂದಿದ್ದ ಒಬ್ಬರು ಸಿಕ್ಕರು. “ಮನಿಗೆ ಒಂದ ಮಶೀನ್ ತಗೊಂಡ ಬಿಡ್ರಿ, ಈಗ ಎಲ್ಲಾರೂ ಇಟ್ಟಾರ” ಎಂದು ಸಲಹೆ ಕೊಟ್ಟರು. ತೆಗೆದುಕೊಂಡೆ ಅನ್ನಿ. ಏರಿದೆ ಎಂದು ಅದು ತೋರಿಸಿದರೆ ನಾನು ಯಾರ ಬಾಗಿಲು ಬಡಿಯಲಿ? ಮಾಯಕ್ಕನ ಯಂತ್ರದ ಹಿಂದೆ ಓಣಿಯ ಮೂಲೆಗೆ ಡಾಕ್ಟರಿದ್ದಾರೆ, ರಿಕ್ಷಾ ಇದೆ, ದೊಡ್ಡ ಆಸ್ಪತ್ರೆ ಇದೆ. ನನ್ನ ಯಂತ್ರದ ಹಿಂದೆ ಏನಿದೆ? ರಜೆ ಹಾಕಿದ ಡಾಕ್ಟರು, ಕಪಾಟಿನೊಳಗಿನ ಔಷಧ, ಮಚ್ಛೆಯವರೆಗಿನ ರಸ್ತೆ.

ಅಂದಿನಿಂದ ನಮ್ಮೂರಿನಲ್ಲಿ ಬಳೆ ಇಡಿಸುವ ಮನೆಗೆಲ್ಲ ನಾನು ಹೋಗಿ ಬಸುರಿಯ ಎದುರಿಗೇ ಕೂರುತ್ತಿದ್ದೆ. ಮೊದಲು ನೋಡುವುದು ಕೈ. ಹೋದ ಬೇಸಿಗೆಯಲ್ಲಿ ಸಂಗವ್ವನ ಮಗಳಿಗೆ ಬಳೆ ಏರಲಿಲ್ಲ, ಹೆಂಗಸರು ನಗಲು ಶುರುಮಾಡಿದರು. ನಾನು ಎದ್ದು ಹುಡುಗಿಯ ಕೈ ಹಿಡಿದು, “ನಗಬ್ಯಾಡ್ರಿ, ಇವತ್ತ ಬೆಳಗಾವಿಗೆ ಒಯ್ರಿ ಈಕಿನ್ನ” ಎಂದು ಚೀರಿದೆ. ಕುಂಕುಮದ ಬಟ್ಟಲು ಉರುಳಿತು. ಶುಭಕಾರ್ಯದಲ್ಲಿ ಹೀಗೆ ಮಾಡಬಹುದೇ? “ತನ್ನ ಮಗಳ ಕೂಸು ಹೋತಂತ ಮಂದಿ ಬಸರು ನೋಡಿ ಹೊಟ್ಟಿಕಿಚ್ಚು ಈಕಿಗೆ” ಎಂದು ಸಂಗವ್ವ ಎಲ್ಲರೆದುರಿಗೆ ಅಂದಳು. ಅಂದರೂ ಹೆದರಿ ಒಯ್ದಳು. ಏರಿತ್ತು. ಬೇಗ ಗೊತ್ತಾದದ್ದರಿಂದ ಗುಳಿಗೆ ಹತ್ತಿತು, ತಾಯಿ ಕೂಸು ಇಬ್ಬರೂ ಉಳಿದರು. ಈಗ ನನ್ನನ್ನು ಯಾರೂ ಬಳೆ ಇಡಿಸುವುದಕ್ಕೆ ಕರೆಯುವುದಿಲ್ಲ, ನನ್ನ ಕಣ್ಣು ಕೆಟ್ಟದ್ದಂತೆ. ಸಂಗವ್ವ ಅಂದದ್ದು ಸುಳ್ಳೂ ಅಲ್ಲ. ಆಕೆ ಮೊಮ್ಮಗನನ್ನು ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಮೀಯಿಸುವಾಗ ನಾನು ಆ ಓಣಿಯಲ್ಲಿ ಹೋಗುವುದಿಲ್ಲ, ಸುತ್ತು ಹಾಕಿ ಹೊಲಕ್ಕೆ ಹೋಗುತ್ತೇನೆ. ಆದರೆ ನಿಮ್ಮ ಗಮನಕ್ಕೆ ಇರಲಿ, ನಮ್ಮೂರಿನ ಬಸುರಿಯರ ಬಿ.ಪಿ. ನೋಡಲು ಸದ್ಯಕ್ಕಿರುವ ಸಾಧನ ಆ ಕೆಟ್ಟ ಕಣ್ಣೊಂದೇ.

ಕಳೆದ ವಾರ ಹಿಂದವಾಡಿಗೆ ಹೋಗಿದ್ದೆ. ಚೊಚ್ಚಲು ಕೈಗೆ ಬರಲಿಲ್ಲ, ಇದನ್ನೇ ಚೊಚ್ಚಲೆಂದುಕೊಂಡು ತವರಿಗೆ ಕಳಿಸಿಕೊಡಿ ಎಂದು ಕೇಳಲು ಹೋಗಿದ್ದೆ. ಹೆರಿಗೆ ಬೆಳಗಾವಿಯ ಆಸ್ಪತ್ರೆಯಲ್ಲೇ ಆಗಲಿ, ನನಗೇನೂ ತಕರಾರಿಲ್ಲ. ಅಲ್ಲಿಯವರೆಗೆ ನಾಕು ದಿನ ನನ್ನ ಕೈಯಡುಗೆ ಉಣ್ಣಲಿ, ಆಮೇಲೆ ಬಾಣಂತನ ನನ್ನ ಮನೆಯಲ್ಲಾಗಲಿ. ಕೋಣೆಗೆ ಸುಣ್ಣ ಬಳಿಸಿದ್ದೇನೆ, ಹೊರಸಿಗೆ ಹೊಸ ಹಗ್ಗ ಬಿಗಿಸಿದ್ದೇನೆ. ಮಾಯಕ್ಕ ಬೇಡ ಎನ್ನಲಿಲ್ಲ. “ನೀವ ಇಲ್ಲೇ ಬಂದ ಇರ್ರಿ ಪ್ರಮಿಳಕ್ಕಾರ, ಇಬ್ಬರೂ ಕೂಡಿ ಬಾಣಂತನ ಮಾಡೂಣು” ಎಂದರು. ಅವರ ಒಳ್ಳೆಯತನದ ಮೇಲೂ ನನಗೆ ಹೊಟ್ಟೆ ಉರಿಯಿತು. ಬೀಗತಿಯ ಅಡುಗೆಮನೆಯಲ್ಲಿ ಡಬ್ಬಿ ಎಲ್ಲಿದೆ ಎಂದು ಕೇಳಿ ಕೇಳಿ ಮಗಳ ಬಾಣಂತನ ಮಾಡುವುದು ಎಂಥ ಸುಖ? ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ನನ್ನ ತೋಳಿಗೇ ಪಟ್ಟಿ ಸುತ್ತಿದರು. ಯಂತ್ರ ನೂರಾ ಅರವತ್ತರ ಮೇಲೆ ತೋರಿಸಿತು. ಹುಟ್ಟಿದಾಗಿನಿಂದ ನೂರಿಪ್ಪತ್ತು–ಎಂಬತ್ತು ಇದ್ದವಳು ನಾನು! “ಅಯ್ಯ, ನಿಮಗೂ ಏರೈತ್ರಿ. ನಡೀರಿ, ಡಾಕ್ಟರ ಕಡೆ ಹೋಗೂಣು” ಎಂದು ಅವರೇ ಕೈಹಿಡಿದು ಕರೆದೊಯ್ದರು. ಈಗ ನಾನೂ ಗುಳಿಗೆ ನುಂಗುತ್ತೇನೆ.

ಬಸ್ಸಿಗೆ ಹೊರಟಾಗ ನೀಲಾ ಬಾಗಿಲಿಗೆ ಬಂದಳು. “ಅವ್ವಾ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ನಿನ್ನ ಕೈ ರೊಟ್ಟಿ ನೆನಸಿದ್ರ ಬಾಯಾಗ ನೀರ ಬರತೈತಿ. ಆದ್ರ ಅಲ್ಲಿ ನನಗ ಏರಿದ್ರ ಯಾರಿಗೆ ಗೊತ್ತಾಗತೈತಿ?” ಎಂದಳು. ನನಗೆ ಗೊತ್ತಾಗತೈತಿ ಎನ್ನಬೇಕೆಂದು ಬಾಯಿ ತೆರೆದೆ. ಹೋದ ಸಲ ಆಕೆಯ ತಲೆ ಬಾಚುತ್ತಿದ್ದವಳು ನಾನೇ. ಹೋಗಿ ಬಸ್ಸು ಹತ್ತಿದೆ.

ಆ ಪ್ರಶ್ನೆಗೆ ನೀವು ಉತ್ತರ ಕೊಡಬೇಕು, ಅದೂ ದೀಪಾವಳಿಯೊಳಗೆ. ನಮ್ಮ ಉಪಕೇಂದ್ರಕ್ಕೆ ಗಾಳಿ ಸೋರದ ಯಂತ್ರ ಕೊಡಿ, ಮೂತ್ರ ಪರೀಕ್ಷೆಯ ಪಟ್ಟಿ ಕೊಡಿ, ಕೆಟ್ಟರೆ ಕೆಟ್ಟಿದೆ ಎಂದು ಬರೆಯುವ ಧೈರ್ಯವನ್ನೂ ನರ್ಸಬಾಯಿಗೆ ಕೊಡಿ. ತವರಿಗೆ ಬರುವ ಮಗಳ ಹಿಂದೆಯೇ ಅಲ್ಲಿನ ಡಾಕ್ಟರ ಮಾತು ಇಲ್ಲಿನವರಿಗೆ ತಲುಪಲಿ. ಝಟಕಾ ಬಂದವಳಿಗೆ ಮೊದಲ ಸೂಜಿ ಹಾಕಿಯೇ ಗಾಡಿ ಹತ್ತಿಸಲು ದಾರಿಯ ಕೇಂದ್ರಗಳಿಗೆ ತರಬೇತಿಯೂ ಅನುಮತಿಯೂ ಇರಲಿ. ಇಷ್ಟೆಲ್ಲ ಆದ ಮೇಲೂ ಮಗಳು ಬರುವುದಿಲ್ಲ ಎಂದರೆ ಅದು ನನ್ನ ಅವಳ ಜಗಳ, ಹೇಗೋ ಕಾಲು ಹಿಡಿದು ಕರೆತರುತ್ತೇನೆ. ಈಗ ಆಕೆ ಬೇಡ ಎಂದದ್ದು ನನಗಲ್ಲ, ನಿಮಗೆ. ಸುಣ್ಣ ಬಳಿದ ಕೋಣೆ ಮಾತ್ರ ನನ್ನ ಮನೆಯಲ್ಲಿ ಖಾಲಿ ಇದೆ.

ಇಂತಿ,
ನಿಮ್ಮ ಯಂತ್ರ ಬರುವವರೆಗೆ ಅದರ ಬದಲಿಗೆ ದುಡಿಯುತ್ತಿರುವ ಕೆಟ್ಟ ಕಣ್ಣಿನವಳು,
ನೀಲಾಳ ಅವ್ವ ಪ್ರಮಿಳಾ
ಖಾನಾಪುರ ತಾಲೂಕು